ಹಲಸೂರು ಕೆರೆಯಿಂದ ಸುರತ್ಕಲ್ ದೀಪಸ್ತಂಭಕ್ಕೆ: ಕಡಲ ನಕ್ಷೆ ಓದಲು ನಮ್ಮವರಿಗೆ ಕಲಿಸುವವರು ಯಾರು?

ಶುಕ್ರವಾರ ಬೆಳಿಗ್ಗೆ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಪೂಜೆ ಮುಗಿಸಿ ಹೊರಬಂದವರಲ್ಲಿ ಹಲವರು ಸೀದಾ ಹೋಗುವುದು ರಸೆಲ್ ಮಾರುಕಟ್ಟೆಯ ಮೀನಿನ ಸಾಲಿಗೆ. ಕರಾವಳಿಯಿಂದ ಬಂದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಇಂದಿರಾನಗರದಲ್ಲಿ, ಕೆ.ಆರ್.ಪುರದಲ್ಲಿ ನೆಲೆಸಿರುವ ನಮ್ಮಂಥವರು ಬಂಗುಡೆಯ ಕಿವಿರು ಎತ್ತಿ ನೋಡಿ, ‘ಇದು ಮಲ್ಪೆಯದ್ದೋ, ಮಂಗಳೂರಿನದ್ದೋ?’ ಎಂದು ಕೇಳುತ್ತೇವೆ. ದರ ಕೇಳುತ್ತೇವೆ, ಚೌಕಾಸಿ ಮಾಡುತ್ತೇವೆ. ಆದರೆ ಆ ಮೀನು ತಂದ ಬೋಟು ರಾತ್ರಿಯ ಕತ್ತಲಲ್ಲಿ, ದಡ ಕಾಣದಷ್ಟು ದೂರದಿಂದ, ಯಾವ ಲೆಕ್ಕದ ಮೇಲೆ ಮರಳಿ ಬಂತು ಎಂದು ನಾವು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಸಂದರ್ಭ 2025ರ ಮೇ ತಿಂಗಳಲ್ಲಿ ಬಂದಿತ್ತು. ಎಂ.ಎಸ್.ಸಿ. ಎಲ್ಸಾ-3 ಎಂಬ ಹಡಗು ಮೇ 24ರಂದು ವಾಲಿ, ಮರುದಿನ ಕೊಚ್ಚಿಯಿಂದ ಸುಮಾರು 38 ನಾಟಿಕಲ್ ಮೈಲಿ ದೂರದಲ್ಲಿ ಮುಳುಗಿತು. ಅದರಲ್ಲಿದ್ದ 640 ಕಂಟೇನರುಗಳಲ್ಲಿ ಕೆಲವು ಕೇರಳದ ದಡಕ್ಕೆ ಬಂದು ಬಿದ್ದವು, ಉಳಿದವು ಕಡಲ ತಳ ಸೇರಿದವು. ಮುಳುಗಿದ ಜಾಗದ ಸುತ್ತ 20 ನಾಟಿಕಲ್ ಮೈಲಿ ಮೀನು ಹಿಡಿಯಬಾರದು ಎಂದು ಕೇರಳ ಸರ್ಕಾರ ಹೇಳಿತು. ಮೀನು ತಿನ್ನಬಹುದೇ, ಬಾರದೇ ಎಂಬ ಚರ್ಚೆ ಬಹಳ ನಡೆಯಿತು. ಅದರ ನಡುವೆ ಒಂದು ಸಣ್ಣ ಪ್ರಶ್ನೆ ಮರೆತುಹೋಯಿತು: ನೀರಿನ ಮೇಲೆ ಗೆರೆ ಇರುವುದಿಲ್ಲ. ಆ 20 ಮೈಲಿಯ ವೃತ್ತ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಬೋಟಿನ ತಾಂಡೇಲನಿಗೆ ತಿಳಿಯುವುದು ಹೇಗೆ?

ಕಡಲ ನಕ್ಷೆ, ಅಂದರೆ ಹಡಗಿನವರು ‘ಚಾರ್ಟ್’ ಎನ್ನುವ ಆ ದೊಡ್ಡ ಹಾಳೆ ಎದುರಿಗಿದ್ದರೆ ಉತ್ತರ ಸುಲಭ. ಮುಳುಗಿದ ಜಾಗದ ಅಕ್ಷಾಂಶ, ರೇಖಾಂಶ ಗುರುತಿಸಿ, ಶಾಲೆಯ ಕೈವಾರದಿಂದ 20 ಮೈಲಿ ಅಳೆದು ಒಂದು ಸುತ್ತು ಹಾಕಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷದ ಕೆಲಸ ಬಲ್ಲವರು ನಮ್ಮ ಬೋಟುಗಳಲ್ಲಿ ಎಷ್ಟು ಮಂದಿ ಇದ್ದಾರೆ? ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ನಾನು ಮಾತನಾಡಿಸಿದ ತಾಂಡೇಲರಲ್ಲಿ ಹೆಚ್ಚಿನವರು ಚಾರ್ಟನ್ನು ಕೈಯಲ್ಲಿ ಹಿಡಿದವರೇ ಅಲ್ಲ. ‘ಎಲ್ಲ ಜಿ.ಪಿ.ಎಸ್.ನಲ್ಲಿ ಉಂಟಲ್ಲ ಮಾರಾಯ್ರೆ’ ಎಂಬುದು ಅವರ ಉತ್ತರ. ಅವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧದ ಬಗ್ಗೆ ಈ ಲೇಖನ.

ಕಡಲಿಲ್ಲದ ಊರಿನ ಕಡಲ ಕಚೇರಿಗಳು

ನಮ್ಮ ದೇಶದಲ್ಲಿ ಕಡಲಿಗೆ ದಾರಿ ತೋರಿಸುವ ಮುಖ್ಯ ಕಚೇರಿಗಳು ಎಲ್ಲಿವೆ ಎಂದು ನೋಡಿದರೆ ನಗು ಬರುತ್ತದೆ. ಕಡಲ ನಕ್ಷೆಗಳನ್ನು ತಯಾರಿಸುವ ರಾಷ್ಟ್ರೀಯ ಜಲಮಾಪನ ಕಚೇರಿ ಇರುವುದು ಹಿಮಾಲಯದ ಬುಡದ ಡೆಹ್ರಾಡೂನಿನಲ್ಲಿ. ಅಲೆ, ಗಾಳಿ, ಮೀನು ಸಿಗುವ ಜಾಗದ ಮುನ್ಸೂಚನೆ ಕೊಡುವ ಇಂಕಾಯ್ಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ. ಇನ್ನು ಉಪಗ್ರಹಗಳ ಮೂಲಕ ‘ನೀನು ಇಲ್ಲಿದ್ದೀ’ ಎಂದು ಹೇಳುವ ವ್ಯವಸ್ಥೆಯ ಬಹುಪಾಲು ಕೆಲಸ ನಡೆಯುವುದು ನಮ್ಮ ಬೆಂಗಳೂರಿನಲ್ಲಿ, ಅದರಲ್ಲೂ ನಗರದ ಪೂರ್ವ ಭಾಗದಲ್ಲಿ.

ಇಂದಿರಾನಗರ ದಾಟಿ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಹೋದರೆ ವಿಮಾನಪುರದಲ್ಲಿ ಇಸ್ರೋದ ಯು.ಆರ್.ರಾವ್ ಉಪಗ್ರಹ ಕೇಂದ್ರವಿದೆ. ‘ನಾವಿಕ್’ ಉಪಗ್ರಹಗಳು ರೂಪುಗೊಂಡದ್ದು ಈ ಕೇಂದ್ರದ ಕೈಯಲ್ಲಿ. ಇನ್ನಷ್ಟು ಮುಂದೆ, ಕೆ.ಆರ್.ಪುರದಿಂದ ದೂರವಲ್ಲದ ಕುಂದಲಹಳ್ಳಿಯಲ್ಲಿ ‘ಗಗನ್’ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಜೊತೆಯಾಗಿ ವಿಮಾನಗಳಿಗಾಗಿ ಕಟ್ಟಿದ ವ್ಯವಸ್ಥೆ ಅದು. ಅಮೆರಿಕದ ಜಿ.ಪಿ.ಎಸ್. ಸಂಕೇತದಲ್ಲಿರುವ ತಪ್ಪನ್ನು ತಿದ್ದಿ ಹೆಚ್ಚು ನಿಖರಗೊಳಿಸುವುದು ಅದರ ಕೆಲಸ. 2019ರ ಅಕ್ಟೋಬರಿನಲ್ಲಿ ಮೀನುಗಾರರಿಗಾಗಿ ಬಿಡುಗಡೆಯಾದ ‘ಜೆಮಿನಿ’ ಉಪಕರಣ, ಮೊಬೈಲ್ ಸಿಗ್ನಲ್ ಸಿಗದ ದೂರದಲ್ಲೂ ಚಂಡಮಾರುತದ ಎಚ್ಚರಿಕೆ ತಲುಪಿಸಲು ಬಳಸುವುದು ಇದೇ ಗಗನ್ ಉಪಗ್ರಹಗಳನ್ನು. ಕುಂದಲಹಳ್ಳಿಯ ಬಸ್ಸಿಗೆ ಕಾಯುತ್ತಾ ನಿಂತ ನಮ್ಮ ಊರಿನ ಹುಡುಗರಿಗೆ, ತಮ್ಮ ಅಪ್ಪನ ಬೋಟಿಗೂ ಆ ಕಟ್ಟಡಕ್ಕೂ ಸಂಬಂಧವಿದೆ ಎಂದು ತಿಳಿದಿರಲಿಕ್ಕಿಲ್ಲ.

ಈಗ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿಯವರು ಚಾಲನೆ ನೀಡಿದ ಯೋಜನೆಯಲ್ಲಿ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಎಂಬ ಉಪಗ್ರಹ ಸಂಪರ್ಕದ ಪೆಟ್ಟಿಗೆಯನ್ನು ಉಚಿತವಾಗಿ ಅಳವಡಿಸಬೇಕು. ವೆಚ್ಚ 364 ಕೋಟಿ ರೂಪಾಯಿ, ಅಂದರೆ ಬೋಟೊಂದಕ್ಕೆ 36,400 ರೂಪಾಯಿ. ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಯುತ್ತದೆ, ದಡದ ಮಾತು ಬೋಟಿಗೆ ತಲುಪುತ್ತದೆ, ಅಪಾಯವಾದರೆ ಬೋಟಿನವರು ತಿಳಿಸಲೂಬಹುದು. ಇದು ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಬಂದಾಗ ಕನ್ಯಾಕುಮಾರಿ ಮತ್ತು ತಿರುವನಂತಪುರದ ಬೋಟುಗಳು ಆಳಸಮುದ್ರದಲ್ಲಿದ್ದವು. ಎಚ್ಚರಿಕೆ ಹೊರಟಾಗ ಅದು ಅವರ ಕಿವಿಗೆ ಮುಟ್ಟುವ ಹಾದಿಯೇ ಇರಲಿಲ್ಲ. ಕಾಣೆಯಾದವರ ಪಟ್ಟಿಯನ್ನು ಅಲ್ಲಿನ ಧರ್ಮಕೇಂದ್ರಗಳು ಮನೆ ಮನೆ ವಿಚಾರಿಸಿ ತಾವೇ ಬರೆದುಕೊಳ್ಳಬೇಕಾಯಿತು. ಆ ದಿನಗಳನ್ನು ನೋಡಿದವರು ಟ್ರಾನ್ಸ್‌ಪಾಂಡರನ್ನು ಹೀಗಳೆಯಲಾರರು.

ಆದರೆ ಪೆಟ್ಟಿಗೆಯ ಜೊತೆ ಪಾಠ ಬರಲಿಲ್ಲ. ನನ್ನ ತಕರಾರು ಅಷ್ಟೇ.

ಅಂಕಿ ಬೇರೆ, ಅದರ ಅರ್ಥ ಬೇರೆ

ಜಿ.ಪಿ.ಎಸ್. ಕೊಡುವುದು ಎರಡು ಅಂಕಿಗಳನ್ನು. ಆ ಜಾಗದಲ್ಲಿ ನೀರು ಎಷ್ಟು ಆಳ, ತಳದಲ್ಲಿ ಬಂಡೆಯೋ ಕೆಸರೋ, ಪಕ್ಕದಲ್ಲಿ ಮುಳುಗಿದ ಹಡಗು ಇದೆಯೋ, ದೊಡ್ಡ ಹಡಗುಗಳು ಹೋಗುವ ದಾರಿಯೋ, ಇವೆಲ್ಲ ಆ ಅಂಕಿಗಳಲ್ಲಿ ಇಲ್ಲ. ಅವು ಇರುವುದು ನಕ್ಷೆಯಲ್ಲಿ. ಪರದೆಯ ಮೇಲೆ ನಕ್ಷೆ ತೋರಿಸುವ ಯಂತ್ರಗಳೂ ಬಂದಿವೆ ನಿಜ, ಆದರೆ ಅದರಲ್ಲಿನ ಚಿಹ್ನೆಗಳನ್ನು ಓದಲು ಬರಬೇಕಲ್ಲ?

ಇದನ್ನು ಕಲಿಯಲು ಕಡಲಿಗೆ ಹೋಗಬೇಕಾಗಿಲ್ಲ ಎಂದು ತೋರಿಸಲು ಹಲಸೂರು ಕೆರೆಯ ದಂಡೆಗೇ ಹೋಗೋಣ. ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ದೋಣಿ ಅಭ್ಯಾಸ ಮಾಡುವ ಕೆರೆ ಅದು. ಅದರ ಅಕ್ಷಾಂಶ ಸುಮಾರು 12 ಡಿಗ್ರಿ 59 ಮಿನಿಟು ಉತ್ತರ, ರೇಖಾಂಶ 77 ಡಿಗ್ರಿ 37 ಮಿನಿಟು ಪೂರ್ವ. ಸುರತ್ಕಲ್ಲಿನ ದೀಪಸ್ತಂಭದ ಅಕ್ಷಾಂಶ ಹೆಚ್ಚುಕಡಿಮೆ 13 ಡಿಗ್ರಿ, ರೇಖಾಂಶ 74 ಡಿಗ್ರಿ 47 ಮಿನಿಟು. ಅಂದರೆ ಕೆರೆಯ ದಂಡೆಯಲ್ಲಿ ನಿಂತು ನೇರ ಪಡುವಣಕ್ಕೆ ಗೆರೆ ಎಳೆದರೆ ಅದು ಘಟ್ಟ ಇಳಿದು ಸುರತ್ಕಲ್ ಬಳಿಯೇ ಕಡಲು ಸೇರುತ್ತದೆ! ಎಷ್ಟೋ ವರ್ಷ ಈ ರಸ್ತೆಯಲ್ಲಿ ಓಡಾಡಿದ ನನಗೂ ಇದು ಗೊತ್ತಿರಲಿಲ್ಲ.

ಈಗ ದೂರ ಲೆಕ್ಕ ಹಾಕೋಣ. ಅಕ್ಷಾಂಶದ ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ಕಡಲಿನವರು ಕಿಲೋಮೀಟರ್ ಬಿಟ್ಟು ಈ ಮೈಲಿಯನ್ನೇ ಹಿಡಿದುಕೊಂಡಿರುವುದು ಹಟದಿಂದಲ್ಲ, ನಕ್ಷೆಯ ಅಂಚೇ ಅವರಿಗೆ ಅಳತೆಪಟ್ಟಿಯಾಗುತ್ತದೆ ಎಂಬ ಕಾರಣಕ್ಕೆ. ಆದರೆ ಒಂದು ಎಚ್ಚರಿಕೆ ಬೇಕು. ಎಡ-ಬಲ ಅಂಚಿನಲ್ಲಿರುವ ಅಕ್ಷಾಂಶದ ಮಿನಿಟಿನಿಂದ ಮಾತ್ರ ದೂರ ಅಳೆಯಬೇಕು, ಮೇಲೆ-ಕೆಳಗೆ ಇರುವ ರೇಖಾಂಶದ ಮಿನಿಟಿನಿಂದ ಅಲ್ಲ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ನಮ್ಮ 13 ಡಿಗ್ರಿಯಲ್ಲಿ ರೇಖಾಂಶದ ಒಂದು ಮಿನಿಟು ಸುಮಾರು 0.974 ಮೈಲಿ. ಕೆರೆಗೂ ದೀಪಸ್ತಂಭಕ್ಕೂ ರೇಖಾಂಶದ ಅಂತರ 2 ಡಿಗ್ರಿ 50 ಮಿನಿಟು, ಅಂದರೆ 170 ಮಿನಿಟು. ಅದನ್ನು 0.974ರಿಂದ ಗುಣಿಸಿದರೆ ಸುಮಾರು 166 ನಾಟಿಕಲ್ ಮೈಲಿ, 307 ಕಿಲೋಮೀಟರ್. ಇದೇ 170 ಮಿನಿಟಿನಿಂದಾಗಿ ಹಲಸೂರಿನಲ್ಲಿ ಸೂರ್ಯ ನೆತ್ತಿಗೆ ಬಂದು ಹನ್ನೊಂದು ನಿಮಿಷ ಕಳೆದ ಮೇಲೆ ಸುರತ್ಕಲ್ಲಿನಲ್ಲಿ ನೆತ್ತಿಗೆ ಬರುತ್ತಾನೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ. ರೇಖಾಂಶ ಎಂದರೆ ಕೊನೆಗೂ ಗಡಿಯಾರವೇ.

ದಿಕ್ಸೂಚಿಯ ಪಾಠವೂ ಇದೇ ಗೆರೆಯ ಮೇಲೆ ಕಲಿಯಬಹುದು. ಅಷ್ಟು ದೂರಕ್ಕೆ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ನಾವು ಮೂರು ಮೈಲಿಯಷ್ಟು ಆಚೆ ಹೋಗುತ್ತೇವೆ. ಸುರತ್ಕಲ್ ಬದಲು ಪಣಂಬೂರಿನಲ್ಲಿ ಇಳಿಯುತ್ತೇವೆ. ಅರವತ್ತು ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ತಪ್ಪು, ಇಷ್ಟನ್ನು ನೆನಪಿಟ್ಟರೆ ಸಾಕು. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರವನ್ನು ತೋರಿಸುವುದೂ ಇಲ್ಲ, ಸ್ವಲ್ಪ ಓರೆಯಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ಆ ಓರೆ ಒಂದೆರಡು ಡಿಗ್ರಿಯಷ್ಟೇ. ನಕ್ಷೆಯ ಮೇಲೆ ಅಚ್ಚಾಗಿರುವ ದಿಕ್ಕಿನ ಚಕ್ರದಲ್ಲಿ ಅದನ್ನು ಬರೆದಿರುತ್ತಾರೆ, ಯಾವ ವರ್ಷದ್ದು ಎಂದು ಕೂಡ.

ಇಲ್ಲಿ ಇತಿಹಾಸದ ಒಂದು ಮಾತು ಹೇಳದಿದ್ದರೆ ಬೆಂಗಳೂರಿನ ಪೂರ್ವ ಭಾಗಕ್ಕೆ ಅನ್ಯಾಯವಾಗುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರ ಕೊನೆಯ ತಿಂಗಳುಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಅಗರ ಮತ್ತು ಬಾಣಸವಾಡಿ ಕಡೆಯ ಬಯಲಿನಲ್ಲಿ ಉಕ್ಕಿನ ಸರಪಣಿ ಹಾಸಿ ಸುಮಾರು ಏಳೂವರೆ ಮೈಲಿ ಉದ್ದದ ಗೆರೆಯೊಂದನ್ನು ಅಳೆದ. ಮುಂದೆ 1802ರಲ್ಲಿ ಮದ್ರಾಸಿನಿಂದ ಶುರುವಾದ ಮಹಾ ತ್ರಿಕೋನ ಸರ್ವೆಗೆ ಇದು ಪೂರ್ವಾಭ್ಯಾಸ. ಆ ಸರ್ವೆ ಪಶ್ಚಿಮ ಕರಾವಳಿ ಮುಟ್ಟಿದಾಗ, ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಂದಿನ ನಕ್ಷೆಗಳು ಹೇಳುತ್ತಿದ್ದದ್ದು ಸುಳ್ಳು, ಇರುವುದು 360 ಮೈಲಿಯಷ್ಟೇ ಎಂದು ಗೊತ್ತಾಯಿತು. ನಲವತ್ತು ಮೈಲಿ ನೆಲವೇ ಮಾಯ! ಹಳೆಯ ನಕ್ಷೆ ನಂಬಿ ರಾತ್ರಿ ದಡಕ್ಕೆ ಬರುತ್ತಿದ್ದ ಹಡಗಿಗೆ ಇಂಥ ತಪ್ಪಿನ ಬೆಲೆ ಏನೆಂದು ಊಹಿಸಿಕೊಳ್ಳಿ.

ಇದು ಮುಗಿದ ಕಥೆಯಲ್ಲ. ಆ ಸರ್ವೆಯಿಂದ ಹುಟ್ಟಿದ, ಎವರೆಸ್ಟ್ ಹೆಸರಿನ ಭೂಮಾಪನದ ಮೇಲೆ ನಿಂತ ಹಳೆಯ ನಕ್ಷೆಗಳಲ್ಲಿ ಇಂದಿನ ಜಿ.ಪಿ.ಎಸ್. ಅಂಕಿಯನ್ನು ಹಾಗೆಯೇ ಗುರುತಿಸಿದರೆ ನೂರು ಮೀಟರಿಗೂ ಹೆಚ್ಚು ತಪ್ಪು ಬರುತ್ತದೆ. ಜಿ.ಪಿ.ಎಸ್. ಬಳಸುವುದು ಡಬ್ಲ್ಯು.ಜಿ.ಎಸ್. 84 ಎಂಬ ಬೇರೆ ಮಾಪನವನ್ನು. ನಕ್ಷೆಯ ಶೀರ್ಷಿಕೆಯ ಕೆಳಗೆ ಯಾವ ಮಾಪನ ಎಂದು ಬರೆದಿರುತ್ತದೆ. ಕಿರಿದಾದ ಅಳಿವೆ ಬಾಗಿಲಿನಲ್ಲಿ ನೂರು ಮೀಟರ್ ಎಂದರೆ ನೀರಿಗೂ ಬಂಡೆಗೂ ಇರುವ ವ್ಯತ್ಯಾಸ.

ಆಳದ ವಿಷಯದಲ್ಲಿ ನಮ್ಮವರು ಹೆಚ್ಚು ಕಲಿಯಬೇಕಾದ್ದಿಲ್ಲ. ನಮ್ಮ ಹಿರಿಯರು ಆಳವನ್ನು ‘ಮಾರು’ ಲೆಕ್ಕದಲ್ಲಿ ಹೇಳುತ್ತಾರೆ. ಎರಡು ಕೈ ಚಾಚಿದಷ್ಟು ಉದ್ದ. ಬ್ರಿಟಿಷರ ಹಳೆಯ ನಕ್ಷೆಗಳಲ್ಲಿರುವ ಫ್ಯಾದಮ್ ಕೂಡ ಅದೇ, ಆರು ಅಡಿ. ಈಗಿನ ನಕ್ಷೆಗಳಲ್ಲಿ ಮೀಟರ್ ಬಂದಿದೆ. ಯಾವುದರಲ್ಲಿ ಬರೆದಿದೆ ಎಂದು ನೋಡದೆ ಓದಿದರೆ ಹತ್ತು ಮಾರು ಹತ್ತು ಮೀಟರಾಗಿ ಬಿಡುತ್ತದೆ. ಅಲ್ಲದೆ ನಕ್ಷೆಯಲ್ಲಿ ಬರೆದ ಆಳ ನೀರು ಅತಿ ಇಳಿತದಲ್ಲಿದ್ದಾಗಿನದ್ದು. ದಡದ ತೆಂಗಿನ ತೋಪನ್ನೋ ಇಗರ್ಜಿಯ ಗೋಪುರವನ್ನೋ ಹಿಂದಿನ ಗುಡ್ಡದ ತುದಿಗೆ ಸರಿಹೊಂದಿಸಿ ದಾರಿ ಹಿಡಿಯುವ ವಿದ್ಯೆ ನಮ್ಮವರಿಗೆ ಗೊತ್ತೇ ಇದೆ. ಕುದುರೆಮುಖಕ್ಕೆ ಆ ಹೆಸರು ಬಂದದ್ದೇ ಕಡಲಿನಿಂದ ನೋಡಿದವರಿಗೆ ಕುದುರೆಯ ಮುಖದಂತೆ ಕಂಡದ್ದರಿಂದ ಎನ್ನುತ್ತಾರೆ. ರಾತ್ರಿ ಧ್ರುವ ನಕ್ಷತ್ರ ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ ಅಷ್ಟೇ ನಮ್ಮ ಅಕ್ಷಾಂಶ. ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಮೇಲೆ ಎರಡು ಬೆರಳು ಸೇರಿಸಿದರೆ ಮಂಗಳೂರು ಬಂತು. ಅರಬ್ ನಾವಿಕರು ಕಮಾಲ್ ಎಂಬ ಮರದ ಹಲಗೆಗೆ ದಾರ ಕಟ್ಟಿ, ದಾರದಲ್ಲಿ ಬಂದರಿಗೊಂದು ಗಂಟು ಹಾಕಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇದನ್ನೇ ಮಾಡುತ್ತಿದ್ದರು. ಹಾಗಾಗಿ ಚಾರ್ಟ್ ಓದುವುದು ಪರದೇಶದ ವಿದ್ಯೆ ಎಂದು ಹೆದರಬೇಕಾಗಿಲ್ಲ. ತಾಂಡೇಲನಿಗೆ ಗೊತ್ತಿರುವುದನ್ನೇ ಕಾಗದದ ಮೇಲೆ ಬರೆದಿದ್ದಾರೆ, ಅಷ್ಟೇ.

ಜೀವ ಉಳಿಸುವ, ಜೀವ ಕಳೆಯುವ ಚುಕ್ಕಿ

ಇಷ್ಟೆಲ್ಲ ಬಿಟ್ಟು ಒಂದೇ ಒಂದು ಪಾಠ ಕಲಿಸಲು ಅವಕಾಶವಿದ್ದರೆ ನಾನು ಆರಿಸುವುದು ಇದನ್ನು. ಮೊಬೈಲಿನ ನಕ್ಷೆಯಲ್ಲಿ ಜಾಗವನ್ನು ಒತ್ತಿ ಹಿಡಿದರೆ 12.50 ಎಂಬಂತೆ ಅಂಕಿ ಬರುತ್ತದೆ. ಇದು ದಶಮಾಂಶದಲ್ಲಿರುವ ಡಿಗ್ರಿ, ಅಂದರೆ ಹನ್ನೆರಡೂವರೆ ಡಿಗ್ರಿ. ಕಡಲಿನ ನಕ್ಷೆಯಲ್ಲಿ ಇದನ್ನು 12 ಡಿಗ್ರಿ 30 ಮಿನಿಟು ಎಂದು ಬರೆಯುತ್ತಾರೆ, ಏಕೆಂದರೆ ಡಿಗ್ರಿಗೆ ಅರವತ್ತು ಮಿನಿಟು. ಗೊತ್ತಿಲ್ಲದವರು 12.50 ಎಂಬುದನ್ನು 12 ಡಿಗ್ರಿ 50 ಮಿನಿಟು ಎಂದು ಓದುತ್ತಾರೆ. ವ್ಯತ್ಯಾಸ 20 ಮಿನಿಟು, 20 ನಾಟಿಕಲ್ ಮೈಲಿ, 37 ಕಿಲೋಮೀಟರ್. ಹನ್ನೆರಡೂವರೆ ಡಿಗ್ರಿ ಇರುವುದು ಕಾಸರಗೋಡಿನ ಎದುರು, 12 ಡಿಗ್ರಿ 50 ಮಿನಿಟು ಇರುವುದು ಮಂಗಳೂರಿನ ಎದುರು. ಕಾಸರಗೋಡಿನ ಎದುರು ಮುಳುಗುತ್ತಿರುವ ಬೋಟನ್ನು ಮಂಗಳೂರಿನ ಎದುರು ಹುಡುಕಿದರೆ ಏನಾದೀತು?

ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೋ, ವಿ.ಎಚ್.ಎಫ್. ರೇಡಿಯೋದ 16ನೇ ಚಾನೆಲ್ಲಿಗೋ ಕರೆ ಮಾಡಿದಾಗ ಅವರು ಮೊದಲು ಕೇಳುವುದು ‘ಎಲ್ಲಿದ್ದೀರಿ?’ ಎಂದು. ಹೆದರಿದ ಮನುಷ್ಯ, ಗಾಳಿಯ ಸದ್ದು, ಅರೆಬರೆ ಹಿಂದಿ. ಅಂಕಿಯನ್ನು ‘ಡಿಗ್ರಿ’, ‘ಮಿನಿಟು’ ಎಂಬ ಪದಗಳ ಸಮೇತ ಹೇಳುವ ಅಭ್ಯಾಸ ಮೊದಲೇ ಇದ್ದರೆ ಆ ಹೊತ್ತಿನಲ್ಲಿ ನಾಲಿಗೆ ತಪ್ಪುವುದಿಲ್ಲ. ಇಂಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನು ಬಂದರಿನಿಂದ ದಿಕ್ಕು, ದೂರ, ಆಳ, ಅಕ್ಷಾಂಶ-ರೇಖಾಂಶ ಸಮೇತ ಕನ್ನಡದಲ್ಲೇ ಕೊಡುತ್ತದೆ. ಅಂಕಿ ಕನ್ನಡದಲ್ಲಿ ಬರುತ್ತಿದೆ, ಆದರೆ ಅದನ್ನು ಇಡಬೇಕಾದ ನಕ್ಷೆಯ ಬರಹವೆಲ್ಲ ಇನ್ನೂ ಇಂಗ್ಲಿಷಿನಲ್ಲೇ ಇದೆ.

2021ರ ಏಪ್ರಿಲ್ 13ರ ನಸುಕಿನಲ್ಲಿ ನವಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ಪಡುವಣಕ್ಕೆ, ಬೇಪೂರಿನಿಂದ ಹೊರಟಿದ್ದ ‘ರಬಾ’ ಎಂಬ ಮೀನುಗಾರಿಕೆ ಬೋಟಿಗೂ ಎ.ಪಿ.ಎಲ್. ಲೆ ಹಾವ್ರ್ ಎಂಬ ಸಿಂಗಾಪುರದ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿ 14 ಮಂದಿ ಇದ್ದರು, ಜೀವಂತ ಸಿಕ್ಕವರು ಇಬ್ಬರು. ಯಾರ ತಪ್ಪು ಎಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ಅದಕ್ಕೂ ಎಂಟು ತಿಂಗಳ ಮೊದಲು, 2020ರ ಆಗಸ್ಟ್ 1ರಿಂದ, ನೈರುತ್ಯ ಕರಾವಳಿಯಲ್ಲಿ ವ್ಯಾಪಾರಿ ಹಡಗುಗಳಿಗೆ ಬೇರೆ ದಾರಿ, ಮೀನುಗಾರಿಕೆ ಬೋಟುಗಳಿಗೆ ಬೇರೆ ಜಾಗ ಎಂದು ಕೇಂದ್ರ ಸರ್ಕಾರ ಗುರುತು ಮಾಡಿತ್ತು ಎಂಬುದು ಗಮನಾರ್ಹ. ಆ ದಾರಿಗಳನ್ನು ಪ್ರಕಟಿಸಿದ್ದು ಅಕ್ಷಾಂಶ-ರೇಖಾಂಶಗಳ ಪಟ್ಟಿಯಾಗಿ. ನಕ್ಷೆಯ ಮೇಲೆ ಎಳೆದು ನೋಡಿದವನಿಗೆ ಅದು ಹೆದ್ದಾರಿಯಂತೆ ಕಾಣುತ್ತದೆ. ಓದಲು ಬಾರದವನಿಗೆ ಅಂಕಿಗಳ ಕಾಗದ ಮಾತ್ರ.

ಎಲ್ಸಾ-3ರ ಮಾತೂ ಹಾಗೆಯೇ. ಮುಳುಗಿದ ಹಡಗಿಗೆ ನಕ್ಷೆಯಲ್ಲಿ ಒಂದು ಚಿಹ್ನೆ ಇದೆ. ಹೊಸದಾಗಿ ಏನು ಮುಳುಗಿತು, ಯಾವ ದೀಪ ಆರಿದೆ, ಯಾವ ಬಾಯ್ ಜಾಗ ಬದಲಿಸಿದೆ ಎಂಬುದನ್ನು ಡೆಹ್ರಾಡೂನಿನ ಕಚೇರಿ ಹದಿನೈದು ದಿನಕ್ಕೊಮ್ಮೆ ‘ನಾವಿಕರಿಗೆ ಸೂಚನೆ’ ಎಂದು ಹೊರಡಿಸುತ್ತದೆ. ಹಡಗಿನ ಅಧಿಕಾರಿಗಳು ಅದನ್ನು ನೋಡಿ ತಮ್ಮ ನಕ್ಷೆ ತಿದ್ದಿಕೊಳ್ಳುತ್ತಾರೆ. ನಮ್ಮ ಟ್ರಾಲ್‌ಬೋಟಿನವನಿಗೆ ಅದು ತಿಳಿಯುವುದು ಬಲೆ ಹರಿದಾಗ.

‘ಯಂತ್ರ ಇದೆಯಲ್ಲ’ ಎನ್ನುವವರಿಗೆ ಇನ್ನೆರಡು ಸಂಗತಿ. ನಾವಿಕ್ ಹೆಸರನ್ನು 2016ರಲ್ಲಿ ಪ್ರಧಾನಿಯವರು ಇಟ್ಟದ್ದೇ ಮೀನುಗಾರರನ್ನು, ನಾವಿಕರನ್ನು ನೆನೆದು. ಆದರೆ ಅದರ ಹಲವು ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಕೆಟ್ಟವು. 2025ರ ಜನವರಿ 29ರಂದು ಹಾರಿದ ಎನ್.ವಿ.ಎಸ್.-02 ತನ್ನ ಕಕ್ಷೆ ಸೇರಲಿಲ್ಲ. ಆ ವರ್ಷದ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಕಳುಹಿಸಿದ 11ರಲ್ಲಿ ಸ್ಥಾನ ಹೇಳುವ ಸೇವೆಗೆ ಅಂದು ಉಳಿದಿದ್ದದ್ದು ನಾಲ್ಕೇ ಉಪಗ್ರಹ. ಸ್ಥಾನ ಹೇಳಲು ಬೇಕಾದ ಕನಿಷ್ಠ ಸಂಖ್ಯೆಯೂ ನಾಲ್ಕೇ. ವಿಮಾನಪುರದ ವಿಜ್ಞಾನಿಗಳನ್ನು ದೂರಲು ಇದನ್ನು ಹೇಳುತ್ತಿಲ್ಲ. ಕಷ್ಟದ ಕೆಲಸದಲ್ಲಿ ಇಂಥದ್ದು ಆಗುತ್ತದೆ. ಎರಡನೆಯದು, ಜಿ.ಪಿ.ಎಸ್. ಸಂಕೇತವನ್ನೇ ಕೆಡಿಸುವ, ಸುಳ್ಳು ಜಾಗ ತೋರಿಸುವ ಪ್ರಕರಣಗಳು. 2025ರ ಮೇ 10ರಂದು ಕೆಂಪು ಸಮುದ್ರದಲ್ಲಿ ಎಂ.ಎಸ್.ಸಿ. ಅಂಟೋನಿಯಾ ಎಂಬ ದೊಡ್ಡ ಹಡಗು ನೆಲ ಹತ್ತಿ ನಿಂತದ್ದಕ್ಕೆ ಇದೇ ಕಾರಣವಿರಬಹುದು ಎಂಬ ಶಂಕೆ ಬಂತು. ಅದೇ ಡಿಸೆಂಬರಿನಲ್ಲಿ ವಿಮಾನಯಾನ ಸಚಿವರು ಸಂಸತ್ತಿನಲ್ಲಿ ಹೀಗೆ ಸಂಕೇತಕ್ಕೆ ತೊಂದರೆಯಾದ ವಿಮಾನ ನಿಲ್ದಾಣಗಳ ಹೆಸರು ಹೇಳಿದಾಗ ಬೆಂಗಳೂರೂ ಅದರಲ್ಲಿತ್ತು. ಬೋಟಿನಲ್ಲಿ ಇಷ್ಟು ದೊಡ್ಡ ಕಾರಣವೂ ಬೇಕಾಗಿಲ್ಲ, ಬ್ಯಾಟರಿಗೆ ಉಪ್ಪುನೀರು ಹೊಕ್ಕರೆ ಸಾಕು.

ದೊಡ್ಡವರು ಇದನ್ನು ಅರಿತಿದ್ದಾರೆ. ಅಮೆರಿಕದ ನೌಕಾ ಅಕಾಡೆಮಿ ಕೈಬಿಟ್ಟಿದ್ದ ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು 2015ರಲ್ಲಿ ಮತ್ತೆ ಶುರು ಮಾಡಿತು. ಬ್ರಿಟನ್ನಿನ ಜಲಮಾಪನ ಕಚೇರಿ ಕಾಗದದ ನಕ್ಷೆಗಳನ್ನು 2026ಕ್ಕೆ ನಿಲ್ಲಿಸುವುದಾಗಿ ಹೇಳಿ, ಬಳಸುವವರ ಆಕ್ಷೇಪಕ್ಕೆ ಮಣಿದು 2030ರ ಆಚೆಗೆ ಮುಂದೂಡಿತು. ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಜಿ.ಪಿ.ಎಸ್. ಬಳಸಬಾರದೆಂಬ ನಿಯಮವಿರುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಕಾಗದದ ನಕ್ಷೆ ಮತ್ತು ಸೆಕ್ಸ್‌ಟೆಂಟ್ ಹಿಡಿದು ಒಬ್ಬರೇ ಭೂಮಿ ಸುತ್ತಿ, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಸೇರಿದರು.

ಎರಡು ತಿಂಗಳ ರಜೆ ನಮ್ಮ ಕೈಯಲ್ಲಿದೆ

ಈ ವಿಷಯಕ್ಕೆ ಈಗ ಅವಸರ ಬಂದಿರುವುದು 2025ರ ನವೆಂಬರ್ 4ರಂದು ಕೇಂದ್ರ ಸರ್ಕಾರ ಹೊರಡಿಸಿದ ಹೊಸ ನಿಯಮಗಳಿಂದ. 12 ನಾಟಿಕಲ್ ಮೈಲಿಯ ಆಚೆಯಿಂದ 200 ಮೈಲಿಯವರೆಗಿನ ದೇಶದ ವಿಶೇಷ ಆರ್ಥಿಕ ವಲಯದಲ್ಲಿ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯಲು ಪ್ರವೇಶ ಪರವಾನಗಿ ಪಡೆಯಬೇಕು. ಸಹಕಾರ ಸಂಘಗಳಿಗೆ ಆದ್ಯತೆ, ಸಣ್ಣ ನಾಡದೋಣಿಗಳಿಗೆ ವಿನಾಯಿತಿ. ಉದ್ದೇಶ ಸ್ಪಷ್ಟ: ದಡದ ಹತ್ತಿರ ಮೀನು ಕಡಿಮೆಯಾಗಿದೆ, ದೂರ ಹೋಗಿ. ಇನ್ನು ಮುಂದೆ ನಮ್ಮ ಹುಡುಗರು ಕುದುರೆಮುಖವೂ ಕಾಣದ ದೂರಕ್ಕೆ ಹೋಗುತ್ತಾರೆ. ಅಲ್ಲಿ ತೆಂಗಿನ ತೋಪಿನ ಗುರುತು ನಡೆಯುವುದಿಲ್ಲ. 12 ಮೈಲಿಯ ಗೆರೆ, ನೆರೆರಾಜ್ಯದ ಗೆರೆ ದಾಟಿದರೋ ಇಲ್ಲವೋ ಎಂಬುದೇ ದಂಡಕ್ಕೂ ಜಗಳಕ್ಕೂ ಕಾರಣವಾಗುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾದಾಗ, ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಸಿಕ್ಕಿತೆಂದು ತಿಳಿಯಲು 2019ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಆ ಏಳು ಮನೆಗಳ ಕಾಯುವಿಕೆಯನ್ನು ಕರಾವಳಿ ಮರೆತಿಲ್ಲ.

ಮೀನುಗಾರಿಕೆ ಬೋಟು ನಡೆಸುವ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಫ್‌ನೆಟ್ ಇರುವುದು ಕೊಚ್ಚಿಯಲ್ಲಿ, ಅದರ ಶಾಖೆಗಳು ಚೆನ್ನೈ ಮತ್ತು ವಿಶಾಖಪಟ್ಟಣದಲ್ಲಿ. 300 ಕಿಲೋಮೀಟರ್ ಕರಾವಳಿಯ ನಮ್ಮ ರಾಜ್ಯದಲ್ಲಿ ಅದರ ಶಾಖೆ ಇಲ್ಲ. ಅದನ್ನು ಕೇಳಬೇಕಾದದ್ದೇ. ಆದರೆ ಮೂಲಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 61 ದಿನ ಬೋಟುಗಳು ಧಕ್ಕೆಯಲ್ಲಿ ಕಟ್ಟಿರುತ್ತವೆ, ತಾಂಡೇಲರು ಬಲೆ ನೇಯುತ್ತಾ ಮನೆಯಲ್ಲಿರುತ್ತಾರೆ. ಧರ್ಮಸಭೆ ಕಡಲಿನವರಿಗಾಗಿ ಪ್ರಾರ್ಥಿಸುವ ಸಮುದ್ರ ಭಾನುವಾರವೂ ಜುಲೈ ಎರಡನೇ ಭಾನುವಾರ, ಸರಿಯಾಗಿ ಆ ರಜೆಯ ನಡುವೆಯೇ ಬರುತ್ತದೆ. ಆ ದಿನ ಪೂಜೆಯ ನಂತರ ಚಹಾ ಕೊಟ್ಟು ಕಳುಹಿಸುವ ಬದಲು ಸಭಾಂಗಣದಲ್ಲಿ ಒಂದು ಚಾರ್ಟ್ ಹಾಸಿದರೆ ಆಗದೇ? ಯಾವ ಧರ್ಮದವರೇ ಆಗಲಿ, ಬಂದವರೆಲ್ಲ ಕೂರಲಿ. ಮೊಗವೀರರ ಸಂಘದ ಸಭಾಂಗಣದಲ್ಲಾದರೆ ಇನ್ನೂ ಒಳ್ಳೆಯದು.

ಕಲಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬೆಂಗಳೂರಿನ ಈ ಪೂರ್ವ ಭಾಗದಲ್ಲೇ ಇದೆ ಎಂಬುದು ನನ್ನ ಅಂದಾಜು. ಉಪಗ್ರಹ ಕೇಂದ್ರದಲ್ಲಿ, ಗಗನ್ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು, ವ್ಯಾಪಾರಿ ಹಡಗುಗಳಲ್ಲಿ ಕೆಲಸ ಮಾಡಿ ಇಂದಿರಾನಗರದಲ್ಲೋ ಹಲಸೂರಿನಲ್ಲೋ ಮನೆ ಕಟ್ಟಿಕೊಂಡ ಕರಾವಳಿಯವರು ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲೇ ಕೂರುತ್ತಾರೆ. ರಜೆಗೆ ಊರಿಗೆ ಹೋದಾಗ ಎರಡು ದಿನ ಕೊಡಿ ಎಂದು ಕೇಳಿದರೆ ಅವರು ಇಲ್ಲ ಎನ್ನಲಾರರು. ಮರಳು ಜಾಗ ಬದಲಿಸುವ ಅಳಿವೆ ಬಾಗಿಲಿನ ವಿಷಯದಲ್ಲಿ ಮಾತ್ರ ಅವರು ಬಾಯಿ ಮುಚ್ಚಿ ತಾಂಡೇಲನ ಮಾತು ಕೇಳಬೇಕು. ಪ್ರತಿ ಮಳೆಗಾಲ ಕಳೆದ ಮೇಲೆ ಅಲ್ಲಿ ನಕ್ಷೆಗಿಂತ ಅವನಿಗೇ ಹೆಚ್ಚು ಗೊತ್ತು.

ಮೊದಲ ದಿನಕ್ಕೆ ಬೇಕಾದ ಸಾಮಾನು ಇಷ್ಟು: ಆ ಭಾಗದ ಕಡಲ ನಕ್ಷೆ ಒಂದು, ಕೈವಾರ, ಉದ್ದದ ಅಳತೆಪಟ್ಟಿ ಎರಡು, ಎರಡು ಬಿ ಪೆನ್ಸಿಲು, ರಬ್ಬರು. ಪ್ರತಿಯೊಬ್ಬ ತಾಂಡೇಲ ತನ್ನ ಬೋಟಿನ ಜಿ.ಪಿ.ಎಸ್. ಯಂತ್ರವನ್ನು ಬಿಚ್ಚಿ ಜೊತೆಗೆ ತರಲಿ. ಅದು ಅಂಕಿಯನ್ನು ಚುಕ್ಕಿಯಲ್ಲಿ ತೋರಿಸುತ್ತದೋ, ಮಿನಿಟಿನಲ್ಲಿ ತೋರಿಸುತ್ತದೋ ಎಂದು ಮೊದಲು ನೋಡೋಣ.